ಗೇಟಿನೊಳಕ್ಕೆ ಬಂದ ಕಾನೂನು

ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗಾಗಿ ಗಾಳಿ, ಬೆಳಕು ಇರುವ ಚೊಕ್ಕಟವಾದ ಕೋಣೆ ಇರಬೇಕು. ಮಕ್ಕಳನ್ನು ನೋಡಿಕೊಳ್ಳಲು ತರಬೇತಿ ಪಡೆದ ಹೆಂಗಸರಿರಬೇಕು. ತಾಯಂದಿರು ನಡುನಡುವೆ ಹೋಗಿ ಹಾಲು ಕುಡಿಸಿ ಬರಲು ಬಿಡುವಂತೆ, ಮಕ್ಕಳಿಗೆ ಹಾಲು ಅಥವಾ ತಿಂಡಿ ಪುಕ್ಕಟೆ ಕೊಡುವಂತೆ ರಾಜ್ಯ ಸರಕಾರ ನಿಯಮ ಮಾಡಬಹುದು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯಿದೆಯ 48ನೇ ಕಲಂ ಹೇಳುತ್ತಿದ್ದದ್ದು ಇದು. ಮೊದಲು ಐವತ್ತು ಎಂದಿದ್ದ ಸಂಖ್ಯೆಯನ್ನು 1976ರ ತಿದ್ದುಪಡಿ ಮೂವತ್ತಕ್ಕೆ ಇಳಿಸಿತು. ಬೆಂಗಳೂರಿನ ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ, ಬೊಮ್ಮನಹಳ್ಳಿಯಿಂದ ಹೊಸೂರು ರಸ್ತೆಯುದ್ದಕ್ಕೂ ಸಿದ್ಧ ಉಡುಪಿನ ಕಾರ್ಖಾನೆಗಳು ಸಾಲುಸಾಲಾಗಿ ಎದ್ದಾಗ ಈ ಕಾನೂನಿಗೆ ಆಗಲೇ ವಯಸ್ಸಾಗಿತ್ತು.

ಹಾಗಾಗಿ ಬೆಂಗಳೂರಿನ ಹೊರವಲಯದ ದುಡಿಯುವ ಹೆಂಗಸರು ತಮಗೊಂದು ಹೊಸ ಕಾನೂನಿಗಾಗಿ ಹೋರಾಡಿದರು ಎಂದು ಬರೆದುಬಿಟ್ಟರೆ ಅರ್ಧ ಮಾತ್ರ ಹೇಳಿದಂತೆ. ದಿಲ್ಲಿಯಲ್ಲಿ, ವಿಧಾನಸೌಧದಲ್ಲಿ ಅಚ್ಚಾಗಿ ಕುಳಿತಿದ್ದ ಕಾನೂನನ್ನು ಕಾರ್ಖಾನೆಯ ಗೇಟು ದಾಟಿಸಿ ಒಳಗೆ ತರುವುದರಲ್ಲೇ ಅವರ ಶಕ್ತಿಯ ಬಹುಪಾಲು ಖರ್ಚಾಯಿತು. ಉಳಿದದ್ದು, ಇದ್ದ ಕಾನೂನು ಕೈಜಾರದಂತೆ ಕಾಯುವುದಕ್ಕೆ ಹೋಯಿತು. ಅವರು ಕಟ್ಟಿದ ಸಂಘಗಳ ಚರಿತ್ರೆಯನ್ನು ಓದಬೇಕಾದದ್ದು ಈ ಲೆಕ್ಕದಲ್ಲಿ.

ಹಿಂದಿನ ಬೆಂಗಳೂರು ಹೀಗಿರಲಿಲ್ಲ. ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಬಂದವು. 1961ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿಯ ಗಡಿಯಾರ ಕಾರ್ಖಾನೆ ಶುರುವಾದಾಗ ಬೆರಳ ತುದಿಯ ಆ ನವಿರು ಕೆಲಸಕ್ಕೆ ಹೆಂಗಸರು ಬಂದರು. ಕಾಲೊನಿ, ಆಸ್ಪತ್ರೆ, ಶಾಲೆ, ಕಾರ್ಖಾನೆಯದೇ ಬಸ್ಸು: ಸಾರ್ವಜನಿಕ ಉದ್ದಿಮೆ ಕೆಲಸಗಾರರ ಜೊತೆಗೆ ಅವರ ಸಂಸಾರವನ್ನೂ ಲೆಕ್ಕಕ್ಕೆ ಹಿಡಿದಿತ್ತು. ಆ ಉದ್ದಿಮೆಗಳ ನೌಕರರು 1980ರ ಕೊನೆಯಿಂದ 1981ರ ಮಾರ್ಚ್‌ವರೆಗೆ ಎರಡೂವರೆ ತಿಂಗಳು ಮುಷ್ಕರ ಹೂಡುವಷ್ಟು ಗಟ್ಟಿಯಾದ ಸಂಘಗಳನ್ನೂ ಕಟ್ಟಿದ್ದರು. ಆದರೆ ಕಾಯಂ ನೌಕರಿಯ ಆ ಲೋಕದಲ್ಲಿ ಹೆಂಗಸರ ಪಾಲು ಚಿಕ್ಕದು. ಸಂಘದ ಪದಾಧಿಕಾರಿಗಳ ಪಟ್ಟಿಯಲ್ಲಂತೂ ಇನ್ನೂ ಚಿಕ್ಕದು. ಗಾರ್ಮೆಂಟ್ಸ್‌ನಲ್ಲಿ ಇದು ತಲೆಕೆಳಗಾಯಿತು. ಹೊಲಿಗೆ ಯಂತ್ರದ ಮುಂದೆ ಕೂತವರಲ್ಲಿ ಹತ್ತಕ್ಕೆ ಎಂಟು ಮಂದಿ ಹೆಂಗಸರು. ಕಾಲೊನಿಯಿಲ್ಲ, ಶಾಲೆಯಿಲ್ಲ, ಸಂಘವೂ ಇಲ್ಲ.

ಈ ಹೆಂಗಸರು ಬಂದದ್ದು ಮಂಡ್ಯ, ತುಮಕೂರು, ಹಾಸನ, ಕೋಲಾರದ ಹಳ್ಳಿಗಳಿಂದ. ಉತ್ತರ ಕರ್ನಾಟಕದವರೂ, ಆಮೇಲೆ ಒಡಿಶಾ, ಜಾರ್ಖಂಡ್‌ಗಳ ಎಳೆಯ ಹುಡುಗಿಯರೂ ಸೇರಿಕೊಂಡರು. ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ, ಗಾರ್ವೆಬಾವಿಪಾಳ್ಯ, ಹೊಂಗಸಂದ್ರದ ವಠಾರಗಳಲ್ಲಿ ಒಂದು ಕೋಣೆಯ ಮನೆ ಹಿಡಿದರು. ಬೆಳಗ್ಗೆ ಎದ್ದು ನೀರು ಹಿಡಿದು, ಅಡುಗೆ ಮಾಡಿ, ಡಬ್ಬಿ ಕಟ್ಟಿ ಒಂಬತ್ತಕ್ಕೆ ಯಂತ್ರದ ಮುಂದೆ ಇರಬೇಕು. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್. ಮುಗಿಯದಿದ್ದರೆ ಬೈಗುಳ, ಇಲ್ಲವೆ ಕೂಲಿಯಿಲ್ಲದ ಹೆಚ್ಚುವರಿ ಹೊತ್ತು. ಕೆಲಸವಿಲ್ಲದ ದಿನ ಮನೆಗೆ ಕಳಿಸಿ, ಬದಲಿಗೆ ಭಾನುವಾರ ಕರೆಸಿ ದುಡಿಸುವ ‘ಕಾಂಪ್ ಆಫ್’ ಎಂಬ ಪದ್ಧತಿಯನ್ನು ಗಾರ್ಮೆಂಟ್ಸ್‌ನ ಹೊರಗಿನವರು ಕೇಳಿರಲಿಕ್ಕಿಲ್ಲ. ಆ ಭಾನುವಾರ ಮಗುವನ್ನು ಯಾರ ಬಳಿ ಬಿಡುವುದು ಎಂಬುದು ಉತ್ಪಾದನೆಯ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ಇಂಥ ಕಡೆ ನೇರವಾಗಿ ಯೂನಿಯನ್ ಬಾವುಟ ಹಿಡಿದು ಹೋಗಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಯೂನಿಯನ್ ಎಂಬ ಮಾತು ಬಾಯಿಗೆ ಬಂದರೆ ಮರುದಿನ ಕೆಲಸ ಇರುತ್ತಿರಲಿಲ್ಲ. ಅದಕ್ಕೇ 2000ರ ಆಸುಪಾಸಿನಲ್ಲಿ ಸಿವಿಡೆಪ್ ಎಂಬ ಸಂಸ್ಥೆಯ ಬೆಂಬಲದಿಂದ ಆರಂಭವಾದ ಕೆಲಸ ಕಾರ್ಖಾನೆಯ ಬಾಗಿಲಿನಿಂದ ದೂರದಲ್ಲಿ, ವಠಾರಗಳಲ್ಲಿ, ಸ್ವಸಹಾಯ ಗುಂಪುಗಳ ರೂಪದಲ್ಲಿ ನಡೆಯಿತು. ಉಳಿತಾಯದ ಹಣ ಎಣಿಸುವ ನೆಪದಲ್ಲಿ ಕೂತ ಹೆಂಗಸರು ಸೂಪರ್‌ವೈಸರ್ ಬಗ್ಗೆ, ಕುಡಿದು ಬರುವ ಗಂಡನ ಬಗ್ಗೆ, ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದ ಮಗುವಿನ ಬಗ್ಗೆ ಒಂದೇ ಉಸಿರಿನಲ್ಲಿ ಮಾತಾಡಿದರು. ಮನೆಯ ಕಷ್ಟ ಬೇರೆ, ಕಾರ್ಖಾನೆಯ ಕಷ್ಟ ಬೇರೆ ಎಂದು ಗಂಡಸರ ಯೂನಿಯನ್‌ಗಳು ಹಾಕಿಕೊಂಡಿದ್ದ ಗೆರೆ ಇಲ್ಲಿ ಮೊದಲ ದಿನದಿಂದಲೂ ಇರಲಿಲ್ಲ. ಈ ಗುಂಪುಗಳಿಂದ 2004ರಲ್ಲಿ ‘ಗಾರ್ಮೆಂಟ್ ಮಹಿಳಾ ಕಾರ್ಮಿಕರ ಮುನ್ನಡೆ’ ರೂಪುಗೊಂಡಿತು. ಅದರ ಬೆನ್ನಿಗೇ ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ (ಗಾಟ್ವು) ಬಂತು. 2012ರಲ್ಲಿ ಹೆಂಗಸರದೇ ಮುಂದಾಳತ್ವದ ಗಾರ್ಮೆಂಟ್ ಲೇಬರ್ ಯೂನಿಯನ್ (ಜಿಎಲ್‌ಯು) ನೋಂದಣಿಯಾಯಿತು. ಜಿಎಲ್‌ಯು ಅಧ್ಯಕ್ಷೆ ರುಕ್ಮಿಣಿ ವಿ.ಪಿ. ಆಗಲಿ, ಗಾಟ್ವುವಿನ ಆರ್. ಪ್ರತಿಭಾ ಆಗಲಿ, ಹೊರಗಿನಿಂದ ಬಂದ ನಾಯಕಿಯರಲ್ಲ. ಸ್ವತಃ ಗಾರ್ಮೆಂಟ್ಸ್‌ನಲ್ಲಿ ದುಡಿದವರು. ಈ ಸಂಘಗಳ ನಡುವೆ ಭಿನ್ನಾಭಿಪ್ರಾಯಗಳಿದ್ದವು, ಒಡಕೂ ಆಯಿತು. ಸ್ಮರಣ ಸಂಚಿಕೆಗಳಲ್ಲಿ ಇದನ್ನು ಮುಚ್ಚಿಡುವುದು ವಾಡಿಕೆ. ಆದರೆ ಒಂದೇ ಗೇಟಿನ ಮುಂದೆ ಎರಡು ಸಂಘಗಳು ಕರಪತ್ರ ಹಂಚಿದಾಗ ಕಾರ್ಮಿಕರಿಗೆ ಆದದ್ದು ಬರೀ ನಷ್ಟವೇನಲ್ಲ. ಒಂದು ಸಂಘ ಮರೆತ ಮಾತನ್ನು ಇನ್ನೊಂದು ಹಿಡಿಯುತ್ತಿತ್ತು.

ಸಭೆಗೆ ಸಿಗುತ್ತಿದ್ದದ್ದು ಭಾನುವಾರ ಮಧ್ಯಾಹ್ನವೊಂದೇ. ವಾರದ ಬಟ್ಟೆ ಒಗೆತ, ರೇಷನ್, ಮಕ್ಕಳ ತಲೆಸ್ನಾನ ಎಲ್ಲ ಮುಗಿಸಿ ಬಂದವರ ಜೊತೆ ಮಕ್ಕಳೂ ಬರುತ್ತಿದ್ದವು. ದುಡಿಯುವ ಹೆಂಗಸರ ಸಂಘವೆಂದರೆ ಮಕ್ಕಳ ಗಲಾಟೆಯ ನಡುವೆಯೇ ನಡೆಯುವ ಸಭೆ.

2007ರಲ್ಲಿ ನಡೆದದ್ದನ್ನು ಸಂಘಗಳ ಹಳೆಯ ಸದಸ್ಯೆಯರು ಇವತ್ತಿಗೂ ಮರೆತಿಲ್ಲ. ಹೆರಿಗೆ ನೋವು ಶುರುವಾದ ಮೇಲೂ ರಜೆ ಸಿಗದೆ, ಕೊನೆಗೆ ಹೊರಬಂದ ಹೆಣ್ಣುಮಗಳೊಬ್ಬಳು ಬೀದಿಯಲ್ಲೇ ಹೆತ್ತಳು, ಮಗು ಉಳಿಯಲಿಲ್ಲ ಎಂದು ಆ ವರ್ಷದ ವರದಿಗಳು ಹೇಳಿದವು. ಅದೇ ವರ್ಷ ಮತ್ತೊಬ್ಬ ಯುವತಿಯ ಆತ್ಮಹತ್ಯೆ ಗಾರ್ಮೆಂಟ್ಸ್‌ನೊಳಗಿನ ಕಿರುಕುಳವನ್ನು ಪತ್ರಿಕೆಗಳ ಪುಟಕ್ಕೆ ತಂದಿತು. ಹೆರಿಗೆ ಸೌಲಭ್ಯ ಕಾಯಿದೆ 1961ರಿಂದ ಇತ್ತು. ಕಾರ್ಮಿಕರ ವಿಮೆಯಾದ ಇಎಸ್‌ಐ ಅದಕ್ಕೂ ಹಳೆಯದು. ಕಾನೂನು ಇಲ್ಲದ್ದಕ್ಕೆ ಆ ಮಗು ಸತ್ತದ್ದಲ್ಲ. ಮುಂದೆ 2016ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್, ಮುನ್ನಡೆ ಮತ್ತಿತರ ಸಂಘಟನೆಗಳು ಸೇರಿ ಬೆಂಗಳೂರು ಮತ್ತು ಸುತ್ತಲಿನ ಜಿಲ್ಲೆಗಳ ಗಾರ್ಮೆಂಟ್ಸ್ ಹೆಂಗಸರ ಸ್ಥಿತಿಗತಿಯ ವರದಿ ತಂದಾಗ ಬೈಗುಳ, ಟಾರ್ಗೆಟ್, ಶೌಚಕ್ಕೆ ಹೋಗಲೂ ಅಂಜಿಕೆ ಇವೆಲ್ಲ ಮತ್ತೆ ದಾಖಲಾದವು.

ಕ್ರೆಶ್, ಅಂದರೆ ಮಕ್ಕಳ ಕೋಣೆಯ ವಿಷಯಕ್ಕೆ ಬರೋಣ. ಕಾರ್ಖಾನೆಗಳು ಕ್ರೆಶ್ ಇಟ್ಟೇ ಇರಲಿಲ್ಲ ಎನ್ನುವಂತಿಲ್ಲ. ವಿದೇಶಿ ಬ್ರ್ಯಾಂಡುಗಳ ಆಡಿಟ್‌ಗೆ ತೋರಿಸಲು ಬಣ್ಣ ಬಳಿದ ಕೋಣೆ, ತೊಟ್ಟಿಲು, ಗೋಡೆಯ ಮೇಲೆ ಪ್ರಾಣಿಗಳ ಚಿತ್ರ ಹಲವು ಕಡೆ ಇದ್ದವು. ಮಕ್ಕಳು ಮಾತ್ರ ಕಡಮೆ. ಯಾಕೆ ಎಂದು ಕೇಳಿದರೆ ಆಡಳಿತದವರ ಉತ್ತರ ಸಿದ್ಧವಾಗಿರುತ್ತಿತ್ತು: ‘ಅವರೇ ತರೋದಿಲ್ಲ.’ ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಕೈಗೂಸನ್ನು ಸೇರಿಸಿಕೊಳ್ಳದೆ ನಡೆದಾಡುವ ಮಕ್ಕಳನ್ನಷ್ಟೇ ತೆಗೆದುಕೊಳ್ಳುವುದು, ಹಾಲು ಕುಡಿಸಲು ಎದ್ದರೆ ಪೀಸ್ ಲೆಕ್ಕ ಕೇಳುವುದು ಒಂದು ಕಾರಣ. ಇನ್ನೊಂದು ಕಾರಣ ಬಸ್ಸು. ಬೆಳಗಿನ ಎಂಟರ ಬಿಎಂಟಿಸಿಯಲ್ಲಿ ಒಂದು ಕಾಲಿಡಲೂ ಜಾಗ ಇರುವುದಿಲ್ಲ. ಅಲ್ಲಿ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಬರುವುದು ಯಾರಿಂದಾದೀತು? ಕಾನೂನು ಕಾರ್ಖಾನೆಯೊಳಗೆ ಕೋಣೆ ಕಟ್ಟಿತು, ಕೂಸು ಅಲ್ಲಿಗೆ ಬರುವ ದಾರಿಯನ್ನು ಯೋಚಿಸಲಿಲ್ಲ. ಮನೆಯ ಹತ್ತಿರದ ಅಂಗನವಾಡಿಗೆ ಬಿಡೋಣವೆಂದರೆ ಅದು ತೆರೆಯುವುದು ಒಂಬತ್ತೂವರೆಗೆ, ಮುಚ್ಚುವುದು ನಾಲ್ಕಕ್ಕೆ. ಕಾರ್ಖಾನೆ ಒಂಬತ್ತಕ್ಕೆ ಶುರುವಾಗಿ ಐದೂವರೆಗೆ ಬಿಡುತ್ತದೆ. ಎರಡೂ ಸರಕಾರದ ಕಣ್ಣೆದುರೇ ನಡೆಯುವ ವ್ಯವಸ್ಥೆಗಳು. ಎರಡರ ಗಡಿಯಾರ ಒಂದಾಗಿಲ್ಲ. ವಠಾರಗಳ ಹತ್ತಿರವೇ ದಿನವಿಡೀ ತೆರೆದಿರುವ ಶಿಶುಪಾಲನಾ ಕೇಂದ್ರ ಬೇಕೆಂಬ ಬೇಡಿಕೆ ಹುಟ್ಟಿದ್ದು ಇಲ್ಲಿಂದ. ನನ್ನ ಎಣಿಕೆಯಲ್ಲಿ ಈ ಸಂಘಟನೆಗಳ ಅತ್ಯಂತ ತೂಕದ ಬೇಡಿಕೆಯೂ ಇದೇ.

ಇನ್ನೊಂದು ವಿಚಿತ್ರವಿತ್ತು. ಮೂವತ್ತು ಎಂಬ ಸಂಖ್ಯೆ ಹೆಂಗಸರ ತಲೆಯೆಣಿಕೆ. ಇನ್ನೂರು ಗಂಡಸರಿದ್ದರೂ ಕ್ರೆಶ್ ಬೇಡ, ಮೂವತ್ತೊಂದನೆಯ ಹೆಂಗಸು ಬಂದಳೋ ಬೇಕು. ಅಪ್ಪಂದಿರಿಗೆ ಮಕ್ಕಳೇ ಇಲ್ಲ ಎಂಬ ಹಾಗೆ! ಪೀಣ್ಯದಂಥ ಕಡೆ, ಸಣ್ಣ ಸಣ್ಣ ಯಂತ್ರೋಪಕರಣ ಘಟಕಗಳು ಸಾವಿರಗಟ್ಟಲೆ ಇರುವಲ್ಲಿ, ಈ ಲೆಕ್ಕಕ್ಕೆ ಸಿಗದೆ ಉಳಿದವರು ಎಷ್ಟೋ ಮಂದಿ.

2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯಿದೆ ಈ ತಲೆಯೆಣಿಕೆಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟಿತು. ಗಂಡಸು ಹೆಂಗಸು ಸೇರಿ ಐವತ್ತು ಮಂದಿ ನೌಕರರಿರುವ ಸಂಸ್ಥೆ ಕ್ರೆಶ್ ಒದಗಿಸಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಿ ಬರಬಹುದು. ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ರಜೆ ಹನ್ನೆರಡು ವಾರದಿಂದ ಇಪ್ಪತ್ತಾರು ವಾರಕ್ಕೆ ಏರಿತು. ಕ್ರೆಶ್ ನಿಯಮ ಹೊರತು ಉಳಿದದ್ದು 2017ರ ಏಪ್ರಿಲ್ 1ರಿಂದ ಜಾರಿಗೆ ಬಂತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಗಾಜಿನ ಕಟ್ಟಡಗಳಲ್ಲಿ ಇದನ್ನು ದೊಡ್ಡ ಸುದ್ದಿಯಾಗಿ ಓದಿದರು. ಹೊಸೂರು ರಸ್ತೆಯ ಗಾರ್ಮೆಂಟ್ಸ್‌ಗೂ ಇಎಸ್‌ಐ ಮೂಲಕ ಅದೇ ಇಪ್ಪತ್ತಾರು ವಾರ ಬಂತು. ಆದರೆ ದುಡ್ಡು ಬರುವ ಚೀಲ ಬೇರೆ ಬೇರೆ. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿರುವವರಿಗೆ ಇಎಸ್‌ಐ ನಿಧಿ ಕೊಡುತ್ತದೆ, ಮಾಲೀಕನ ಕೈಯಿಂದ ನೇರವಾಗಿ ಹೋಗುವುದಿಲ್ಲ. ಅದಕ್ಕಿಂತ ಹೆಚ್ಚಿನ ಸಂಬಳದವರ ಪೂರ್ತಿ ಖರ್ಚು ಕಂಪನಿಯದೇ. ಹೊಸದಾಗಿ ಮದುವೆಯಾದ ಹುಡುಗಿಯನ್ನು ಸಂದರ್ಶನದಲ್ಲಿ ಸುತ್ತಿಬಳಸಿ ಪ್ರಶ್ನೆ ಕೇಳುವ ಚಾಳಿಗೆ ಈ ಖರ್ಚೂ ಒಂದು ಕಾರಣ. ಇದನ್ನು ಕಾನೂನು ಮಾಡಿದವರು ಮುಂಗಾಣಬೇಕಿತ್ತು.

ಗಾರ್ಮೆಂಟ್ಸ್‌ನಲ್ಲಿ ತೊಡಕು ಇನ್ನೊಂದು ಬಗೆಯದು. ರಜೆ ಇಎಸ್‌ಐ ಕೊಟ್ಟೀತು, ರಜೆ ಮುಗಿಸಿ ಬಂದವಳಿಗೆ ಹಳೆಯ ಲೈನು, ಹಳೆಯ ಗ್ರೇಡು ಸಿಗುತ್ತದೆಂಬ ಖಾತರಿ ಇಲ್ಲ. ಹೆರಿಗೆ ರಜೆಯಲ್ಲಿರುವವಳನ್ನು ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಆದರೆ ಅವಳೇ ಬಿಟ್ಟರೆ? ಬಿಡುವಂತೆ ಮಾಡುವ ದಾರಿಗಳು ಸೂಪರ್‌ವೈಸರುಗಳಿಗೆ ಚೆನ್ನಾಗಿ ಗೊತ್ತಿದ್ದವು. ಪೀಣ್ಯದ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗಳಲ್ಲಿ ಕ್ಯೂ ನಿಲ್ಲುವುದಕ್ಕೆ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಇಂಥಲ್ಲಿ ಸಂಘದ ಕೆಲಸ ಭಾಷಣವಲ್ಲ. ಫಾರಂ ತುಂಬುವುದು, ವಂತಿಗೆ ಕಟ್ಟಿದ ದಿನಗಳನ್ನು ಲೆಕ್ಕ ಹಾಕುವುದು, ಮ್ಯಾನೇಜರ್ ಮುಂದೆ ಜೊತೆಗೊಬ್ಬಳು ಹೋಗಿ ನಿಲ್ಲುವುದು. ಚರಿತ್ರೆಕಾರರ ಕಣ್ಣಿಗೆ ಬೀಳದ ಕೆಲಸ ಇದು.

ಸಂಘಗಳ ಲೆಕ್ಕಾಚಾರವನ್ನೂ ಮೀರಿದ್ದು 2016ರ ಏಪ್ರಿಲ್. ಫೆಬ್ರವರಿ 10ರಂದು ಕೇಂದ್ರ ಸರಕಾರ ಭವಿಷ್ಯನಿಧಿಯ ನಿಯಮ ಬದಲಿಸಿತ್ತು. ಕೆಲಸ ಬಿಟ್ಟವರು ತಮ್ಮ ಪಾಲನ್ನು ಮಾತ್ರ ತೆಗೆದುಕೊಳ್ಳಬಹುದು, ಮಾಲೀಕರ ಪಾಲು ಸಿಗುವುದು 58 ವರ್ಷ ತುಂಬಿದ ಮೇಲೆ. ದಿಲ್ಲಿಯ ಅಧಿಕಾರಿಗಳಿಗೆ ಇದು ವೃದ್ಧಾಪ್ಯದ ಭದ್ರತೆ. ನಲವತ್ತಕ್ಕೇ ಕಣ್ಣು ಮಂಜಾಗಿ, ಸೊಂಟ ಹಿಡಿದು ಯಂತ್ರ ಬಿಡುವ ಹೆಂಗಸಿಗೆ 58 ಎಂದರೇನು? ಅವಳ ಪಾಲಿಗೆ ಪಿ.ಎಫ್. ಎಂದರೆ ಮಗಳ ಮದುವೆ, ಮಗನ ಕಾಲೇಜಿನ ಫೀಜು, ಮನೆಯ ಲೀಸು, ಕೈಸಾಲದ ಬಡ್ಡಿಯಿಂದ ಬಿಡುಗಡೆ. ಕೆಲವು ವರ್ಷಕ್ಕೊಮ್ಮೆ ಕೆಲಸ ಬಿಟ್ಟು, ಪಿ.ಎಫ್. ತೆಗೆದು, ಬೇರೊಂದು ಗಾರ್ಮೆಂಟ್ಸ್ ಸೇರುವುದು ಅವರು ಕಂಡುಕೊಂಡ ಸಂಸಾರದ ಹಣಕಾಸು. ಗ್ರಾಚುಯಿಟಿಗೆ ಐದು ವರ್ಷ ತುಂಬುವ ಮೊದಲೇ ಬಿಡುವುದರಿಂದ ಇದರಲ್ಲಿ ನಷ್ಟವೂ ಇತ್ತು. ಅದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಕಷ್ಟ ಬಂದ ದಿನ ಕೈಗೆ ಸಿಗುವ ಇಡಿಗಂಟು ಅದೊಂದೇ ಆಗಿತ್ತು.

ಏಪ್ರಿಲ್ 18, ಸೋಮವಾರ. ಬೊಮ್ಮನಹಳ್ಳಿಯ ಕಾರ್ಖಾನೆಗಳಿಂದ ಹೆಂಗಸರು ಕೆಲಸ ಬಿಟ್ಟು ಹೊಸೂರು ರಸ್ತೆಗೆ ಇಳಿದರು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ದಾರಿ ಬಂದ್. ಐಟಿಯವರ ಕಾರು, ಕ್ಯಾಬುಗಳು ಗಂಟೆಗಟ್ಟಲೆ ನಿಂತವು. ಆ ರಸ್ತೆಯಲ್ಲಿ ದಿನವೂ ಓಡಾಡಿದರೂ ಅದರ ಇಕ್ಕೆಲದ ಕಟ್ಟಡಗಳೊಳಗೆ ಯಾರಿದ್ದಾರೆಂದು ಬಹುಜನ ತಿಳಿದದ್ದು ಅವತ್ತೇ ಇರಬೇಕು. ಮರುದಿನ ಪೀಣ್ಯ, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆ, ಮೈಸೂರು ರಸ್ತೆ, ಹೆಬ್ಬಗೋಡಿ ಎಲ್ಲೆಡೆ ಹಬ್ಬಿತು. ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಮುಂದಾಳುಗಳೆನಿಸಿಕೊಂಡವರು ಸುದ್ದಿ ತಿಳಿದು ಓಡಿಬಂದರು. ಬೆಂಕಿ ಹಚ್ಚಿದವರು ಯಾರೆಂಬ ವಾದ ಇನ್ನೂ ಮುಗಿದಿಲ್ಲ, ಆದರೆ ಪೆಟ್ಟು ತಿಂದವರಲ್ಲಿ, ಕೇಸು ಹಾಕಿಸಿಕೊಂಡವರಲ್ಲಿ ಏನೂ ಮಾಡದವರೂ ಇದ್ದರು. ಏಪ್ರಿಲ್ 19ರ ಮಧ್ಯಾಹ್ನ ನಿಯಮವನ್ನು ಜುಲೈ 31ರವರೆಗೆ ತಡೆಹಿಡಿಯುವುದಾಗಿ ಹೇಳಿದ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ, ಸಂಜೆಯ ಹೊತ್ತಿಗೆ ಅದನ್ನು ರದ್ದು ಮಾಡಿರುವುದಾಗಿ ಪ್ರಕಟಿಸಿದರು. ಎರಡು ದಿನದಲ್ಲಿ ಇಡೀ ದೇಶದ ಕಾರ್ಮಿಕರಿಗೆ ಅನ್ವಯಿಸುವ ನಿಯಮವೊಂದು ಬಿದ್ದುಹೋಯಿತು. ಸಂಘಟನೆಯೇ ಇಲ್ಲದೆ ಇದು ಆಯಿತೆಂದು ಕೆಲವರು ಬರೆದರು. ನನಗೆ ಹಾಗನಿಸುವುದಿಲ್ಲ. ಒಂದು ಸರಕಾರಿ ಅಧಿಸೂಚನೆಯ ಅರ್ಥ ಇಷ್ಟು ಸಾವಿರ ಹೆಂಗಸರಿಗೆ ಇಷ್ಟು ಸ್ಪಷ್ಟವಾಗಿ ತಿಳಿದಿತ್ತೆಂದರೆ, ಅದರ ಹಿಂದೆ ಹದಿನೈದು ವರ್ಷದ ವಠಾರದ ಮಾತುಕತೆಯ ಪಾಲೂ ಇದೆ.

ಅದಾದ ಮೇಲೆ ಬಂದದ್ದೆಲ್ಲ ಕಾವಲಿನ ಕೆಲಸ. ಕಾರ್ಖಾನೆಯಲ್ಲಿ ಹೆಂಗಸರನ್ನು ರಾತ್ರಿ ದುಡಿಸಲು 2019ರ ನವೆಂಬರಿನಲ್ಲಿ ರಾಜ್ಯ ಸರಕಾರ ಷರತ್ತುಗಳೊಡನೆ ಅನುಮತಿ ಕೊಟ್ಟಿತು. ಕೊರೋನಾ ಕಾಲದಲ್ಲಿ, 2020ರ ಮೇ 22ರಂದು, ದಿನದ ದುಡಿಮೆಯನ್ನು ಹತ್ತು ಗಂಟೆಗೆ ಏರಿಸಿದ ಆದೇಶ ಬಂತು; ಕಾರ್ಮಿಕ ಸಂಘಟನೆಗಳ ವಿರೋಧ, ಹೈಕೋರ್ಟಿನ ಪ್ರಶ್ನೆಗಳ ನಡುವೆ ಜೂನ್‌ನಲ್ಲಿ ಹಿಂತೆಗೆದುಕೊಂಡರು. 2020ರ ಏಪ್ರಿಲ್‌ನಿಂದ ಕೊಡಬೇಕಿದ್ದ ತಿಂಗಳಿಗೆ 417 ರೂಪಾಯಿಯಷ್ಟು ತುಟ್ಟಿಭತ್ಯೆಯನ್ನು ಕಾರ್ಖಾನೆಗಳು ತಡೆಹಿಡಿದಾಗ ಅದನ್ನು ಬಾಕಿ ಸಮೇತ ವಸೂಲು ಮಾಡಿಸಲು 2022ರವರೆಗೆ ಕಾಯಬೇಕಾಯಿತು. 2023ರ ಫೆಬ್ರವರಿಯಲ್ಲಿ ಕಾರ್ಖಾನೆಗಳ ಕಾಯಿದೆಗೇ ರಾಜ್ಯದ ತಿದ್ದುಪಡಿ ಮಸೂದೆ ಅಂಗೀಕಾರವಾಯಿತು: ದಿನಕ್ಕೆ ಹನ್ನೆರಡು ಗಂಟೆ, ವಾರಕ್ಕೆ ನಲವತ್ತೆಂಟು. ವಾರದಲ್ಲಿ ಮೂರು ದಿನ ರಜೆ ಸಿಗುತ್ತದೆಂದು ಪ್ರಚಾರವಾಯಿತು. ಸಂಜೆ ಎಂಟಕ್ಕೋ ಒಂಬತ್ತಕ್ಕೋ ಮನೆ ಸೇರುವ ತಾಯಿಗೆ ಆ ನಾಲ್ಕು ದಿನ ಮಗು ನಿದ್ದೆಯಲ್ಲೇ ಸಿಗುತ್ತದೆ.

ಐಟಿ ವಲಯದ ಕತೆ ಬೇರೆ ದಾರಿ ಹಿಡಿಯಿತು. 2005ರ ಡಿಸೆಂಬರಿನಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್ ಸೆಂಟರ್ ಉದ್ಯೋಗಿಯೊಬ್ಬರನ್ನು ಕ್ಯಾಬ್ ಚಾಲಕನೊಬ್ಬ ಕೊಂದ ಮೇಲೆ, ಸಾರಿಗೆ ಮತ್ತು ಸುರಕ್ಷತೆಯ ನಿಯಮಗಳ ಮೇಲೆ ಎಲ್ಲರ ಕಣ್ಣು ಬಿತ್ತು. 2007ರಲ್ಲಿ ಅಂಗಡಿ, ವಾಣಿಜ್ಯ ಸಂಸ್ಥೆಗಳಲ್ಲಿ ಹೆಂಗಸರ ರಾತ್ರಿ ದುಡಿಮೆಯನ್ನೇ ನಿಷೇಧಿಸಲು ಹೊರಟ ಸರಕಾರ ವಿರೋಧಕ್ಕೆ ಮಣಿದು ಹಿಂದೆ ಸರಿಯಿತು. ರಕ್ಷಣೆ ಕೇಳಿದರೆ ಮನೆಯಲ್ಲಿ ಕೂರಿಸಲು ಹೊರಡುವುದು ನಮ್ಮ ಸರಕಾರಗಳ ಹಳೆಯ ಗುಣ. 2017ರಲ್ಲಿ ನೋಂದಣಿಯಾದ ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ (ಕಿಟು) ಕೆಲಸದ ಹೊತ್ತನ್ನೇ ಮುಖ್ಯ ಪ್ರಶ್ನೆಯಾಗಿ ಎತ್ತಿತು. ಕೆಲಸದ ಷರತ್ತುಗಳನ್ನು ಗೊತ್ತುಪಡಿಸುವ ಸ್ಥಾಯಿ ಆದೇಶಗಳ ಕಾಯಿದೆಯಿಂದ ಐಟಿ ಉದ್ದಿಮೆಗೆ ವಿನಾಯಿತಿ ಮತ್ತೆ ಮತ್ತೆ ಸಿಗುತ್ತಾ ಬಂದಿತ್ತು. 2014ರಲ್ಲಿ ಲೈಂಗಿಕ ಕಿರುಕುಳದ ದೂರು ಸಮಿತಿ, ಕುಂದುಕೊರತೆ ಸಮಿತಿಗಳ ಷರತ್ತು ಸೇರಿತು; 2019ರಲ್ಲಿ, 2024ರಲ್ಲಿ ಮತ್ತೆ ಐದೈದು ವರ್ಷ ವಿಸ್ತರಣೆ ಆಯಿತು. 2024ರ ಜುಲೈಯಲ್ಲಿ ದಿನದ ದುಡಿಮೆಯನ್ನು ಹದಿನಾಲ್ಕು ಗಂಟೆಯವರೆಗೆ ಒಯ್ಯುವ ಪ್ರಸ್ತಾಪ ಬಂದಾಗ ಕಿಟು ಗಟ್ಟಿಯಾಗಿ ನಿಂತಿತು. ಮಗುವನ್ನು ಡೇಕೇರ್‌ನಿಂದ ಆರೂವರೆಗೆ ಕರೆತಂದು ಏಳಕ್ಕೆ ಅಮೆರಿಕದ ಕಾಲ್‌ಗೆ ಕೂರುವ ಹೆಣ್ಣುಮಕ್ಕಳು ಸಂಘದ ಸದಸ್ಯತ್ವ ಪಡೆಯದಿದ್ದರೂ ಆ ಪ್ರಸ್ತಾಪದ ಅರ್ಥ ಅವರಿಗೆ ಹೇಳಿಕೊಡಬೇಕಿರಲಿಲ್ಲ.

2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಟ್ಟಿನ ರಜೆ ನೀತಿಗೆ ಒಪ್ಪಿತು: ತಿಂಗಳಿಗೊಂದರಂತೆ ವರ್ಷಕ್ಕೆ ಹನ್ನೆರಡು ದಿನ, ಸಂಬಳ ಸಹಿತ, ಸರಕಾರಿ ಕಚೇರಿಯಿಂದ ಗಾರ್ಮೆಂಟ್ಸ್‌ವರೆಗೆ, ಐಟಿಯವರೆಗೆ. ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹೆರಿಗೆ ಸೌಲಭ್ಯ ಕಾಯಿದೆಯೂ ಕಾರ್ಖಾನೆಗಳ ಕಾಯಿದೆಯೂ ಅವುಗಳೊಳಗೆ ಸೇರಿಹೋದವು. ಹೆಂಗಸರ ತಲೆಯೆಣಿಕೆಯ ‘ಮೂವತ್ತು’ ಹೋಗಿ ಎಲ್ಲರನ್ನೂ ಸೇರಿಸಿದ ‘ಐವತ್ತು’ ಉಳಿಯಿತು. ದೊಡ್ಡ ಗಾರ್ಮೆಂಟ್ಸ್‌ಗೆ ಇದರಿಂದ ವ್ಯತ್ಯಾಸವಿಲ್ಲ. ಪೀಣ್ಯದ ಸಣ್ಣ ಘಟಕದಲ್ಲಿ ನಲವತ್ತು ಹೆಂಗಸರಷ್ಟೇ ಇದ್ದರೆ ಅವರು ಹಳೆಯ ಲೆಕ್ಕದಲ್ಲಿ ಒಳಗಿದ್ದವರು, ಹೊಸ ಲೆಕ್ಕದಲ್ಲಿ ಹೊರಗೆ.

ಇನ್ನು ವೈಟ್‌ಫೀಲ್ಡಿನ ಟೆಕ್ ಪಾರ್ಕುಗಳು. ಅಲ್ಲಿ ಕಂಪನಿಯ ನೌಕರರ ಮಕ್ಕಳಿಗೆ ಕ್ರೆಶ್ ಇದೆ. ಅದೇ ಕಟ್ಟಡದ ನೆಲ ಒರೆಸುವ, ಶೌಚಾಲಯ ತೊಳೆಯುವ ಹೆಂಗಸರು ಕಂಪನಿಯ ನೌಕರರಲ್ಲ, ಗುತ್ತಿಗೆದಾರನ ಆಳುಗಳು. ಅವನ ಬಳಿ ಐವತ್ತಲ್ಲ, ಐನೂರು ಮಂದಿ ಇರಬಹುದು, ಇಪ್ಪತ್ತು ಕಟ್ಟಡಗಳಲ್ಲಿ ಹಂಚಿಹೋಗಿರುತ್ತಾರೆ. ಹಾಗಾದರೆ ಅವರ ಮಕ್ಕಳ ಕ್ರೆಶ್ ಎಲ್ಲಿರಬೇಕು, ಯಾರು ನಡೆಸಬೇಕು? ಹಲವು ಸಂಸ್ಥೆಗಳು ಸೇರಿ ಸಾಮಾನ್ಯ ಕ್ರೆಶ್ ನಡೆಸಲು ಸಂಹಿತೆಯಲ್ಲೇ ಅವಕಾಶವಿದೆ. ಗಾರ್ಮೆಂಟ್ಸ್ ಸಂಘಗಳು ವಠಾರದ ಹತ್ತಿರ ಕೇಳಿದ ಶಿಶುಪಾಲನಾ ಕೇಂದ್ರವೂ ಈ ಅವಕಾಶದೊಳಗೇ ಬರುತ್ತದೆ. ಕಾರ್ಖಾನೆಯ ಹೆಂಗಸರೂ ಟೆಕ್ ಪಾರ್ಕಿನ ಹೆಂಗಸರೂ ಒಂದೇ ಅರ್ಜಿಗೆ ಸಹಿ ಹಾಕಬಹುದಾದ ಬೇಡಿಕೆ ಇದು. ಅರ್ಜಿ ಹೋಗಬೇಕಾದದ್ದು ಕಾರ್ಮಿಕ ಇಲಾಖೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಎರಡಕ್ಕೂ.